ಬದುಕಿದ್ದಜ್ಜನ ದೊಣೆ

ಜೋಡುಗುಂಡಿನ ಗುಡ್ಡಕ್ಕೆ ಈಗ ಬುಡದವರೆಗೂ ಡಾಂಬರು ರಸ್ತೆಯಿದೆ. ರಸ್ತೆ ಮುಗಿಯುವಲ್ಲಿ ಒಂದು ಬೇವಿನ ಮರ, ಅದರ ನೆರಳಿನಲ್ಲಿ ಮಂಡಕ್ಕಿ ಮಿರ್ಚಿ ಮಾರುವ ಒಂದು ತಳ್ಳುಗಾಡಿ. ಅಲ್ಲಿಂದ ಮೇಲಕ್ಕೆ ಬರೀ ಬಂಡೆ. ಬಂಡೆಗಳ ಸಂದಿನಲ್ಲಿ ಏರುತ್ತ ಹೋದರೆ, ತುದಿಯ ಎರಡು ದೊಡ್ಡ ಗುಂಡುಗಳ ಬೆನ್ನಿಗೆ, ಮೊಣಕಾಲೂರಿ ನುಸುಳಬೇಕಾದ ಒಂದು ಕಿಂಡಿ ಸಿಗುತ್ತದೆ. ಹೊಟ್ಟೆ ಬಂದವರು ಅಲ್ಲೇ ನಿಂತು, ಒಳಗೆ ಹೋದವರ ವರ್ಣನೆ ಕೇಳಿ ಸಮಾಧಾನಪಡಬೇಕು. ಒಳಗೆ ಒಂದು ಕೋಣೆಯಷ್ಟು ಅಗಲಕ್ಕೆ ಕಪ್ಪಗೆ, ತಣ್ಣಗೆ ನೀರು. ಕಲ್ಲಿನಲ್ಲಿ ತಾನೇ ಆದ ಇಂಥ ಗುಂಡಿಗೆ ನಮ್ಮ ಕಡೆ ದೊಣೆ ಎನ್ನುತ್ತಾರೆ. ಎಂಥ ಬಿರುಬೇಸಗೆಯಲ್ಲೂ ಈ ದೊಣೆ ಬತ್ತಿದ್ದನ್ನು ಕಂಡವರಿಲ್ಲ. ಯಾರೋ ಪುಣ್ಯಾತ್ಮರು ಕೆಳಗೆ ಹಲಗೆ ನೆಟ್ಟು 'ಅಜ್ಜನ ದೊಣೆ' ಎಂದು ಬರೆಸಿದ್ದಾರೆ. ಅದನ್ನು ಕಂಡರೆ ಸುತ್ತಲ ಹಳ್ಳಿಯ ಹಿರಿಯರಿಗೆ ಮೈಯೆಲ್ಲ ಉರಿಯುತ್ತದೆ. ಅಜ್ಜಂದಿರು ಊರಿಗೆ ನೂರು ಮಂದಿ ಇದ್ದಾರೆ, ಇದು ಯಾವ ಅಜ್ಜನದು ಎಂದು ಗೊತ್ತಾಗುವುದು ಬೇಡವೇ? ಇದರ ಹೆಸರು ಬದುಕಿದ್ದಜ್ಜನ ದೊಣೆ. ಅರ್ಧ ಹೆಸರು ನುಂಗಿದರೆ ಕತೆಯನ್ನೇ ನುಂಗಿದ ಹಾಗೆ. ಈಚೆಗೆ ಕೆಲವರು, ಶಿವನೇ ಮುದುಕನ ವೇಷ ಹಾಕಿ ಬಂದು ಇಲ್ಲಿ ನೀರು ತೋರಿಸಿದನೆಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಶಿವನಿಗೆ ಬೇರೆ ಕೆಲಸ ಬೇಕಾದಷ್ಟಿದೆ. ಇದು ಮನುಷ್ಯರ ಕತೆ, ಅದರಲ್ಲೂ ಒಬ್ಬ ಸೊಸೆಯ ಸಂಕಟದ ಕತೆ.

ಹಿಂದೆ ಒಮ್ಮೆ, ಗಾಡಿ ಓಡುವ ದಾರಿಗಳೇ ಇಲ್ಲದ ಕಾಲದಲ್ಲಿ, ಘಟ್ಟದ ಕೆಳಗಿನ ಉಪ್ಪು ಈ ಬಯಲಿಗೆ ಬರುತ್ತಿದ್ದದ್ದು ಎತ್ತಿನ ಬೆನ್ನ ಮೇಲೆ. ಎತ್ತಿನ ಎರಡೂ ಮಗ್ಗುಲಿಗೆ ಗೋಣಿ ಇಳಿಬಿಟ್ಟು, ಹೆಂಡಿರು ಮಕ್ಕಳ ಸಮೇತ ಸೀಮೆ ಸೀಮೆ ದಾಟುತ್ತ ಬರುವ ಆ ಜನಕ್ಕೆ ಹೇರಿನವರು ಎಂದು ಹೆಸರು. ಅಂಥದೊಂದು ಹೇರಿನ ಯಜಮಾನ ಗೂಳಪ್ಪ. ಎಲ್ಲರ ಬಾಯಲ್ಲಿ ಗೂಳಜ್ಜ. ಅವನು ಬದುಕಿದ ಬದುಕನ್ನು ನಾಲ್ಕು ಮಂದಿಗೆ ಹಂಚಿದ್ದರೂ ನಾಲ್ವರಿಗೂ ಸಾಕಾಗಿ ಮಿಗುತ್ತಿತ್ತು. ಮೀಸೆ ಮೂಡುವ ಮೊದಲೇ ತುಂಬಿದ ಹೊಳೆಯಲ್ಲಿ ಎತ್ತಿನ ಬಾಲ ಹಿಡಿದು ದಡ ಸೇರಿದವನು. ಘಟ್ಟದಲ್ಲಿ ಹುಲಿ ಅಡ್ಡ ಬಂದಾಗ, ತಾನು ಓಡಿದರೆ ಎತ್ತುಗಳು ಚೆದರುತ್ತವೆಂದು, ಅದರ ಎದುರಿಗೇ ಕೂತು ಎಲೆಅಡಿಕೆ ಹಾಕಿಕೊಂಡವನು. ಇಬ್ಬರು ಪಾಳೆಯಗಾರರ ಜಗಳದಲ್ಲಿ ಮುತ್ತಿಗೆ ಬಿದ್ದ ಕೋಟೆಯೊಳಕ್ಕೆ ಕಳ್ಳದಾರಿಯಿಂದ ಉಪ್ಪು ಸಾಗಿಸಿ, ಗೆದ್ದವರಿಂದ ಒದೆಯನ್ನೂ ಸೋತವರಿಂದ ಬೆಳ್ಳಿ ಕಡಗವನ್ನೂ ಪಡೆದವನು. ದಾರಿಗಳ್ಳರು ಕಟ್ಟಿ ಒಯ್ದರೆ, ಅವರ ನಾಯಕನ ಮಗುವಿನ ಜ್ವರ ಬಿಡಿಸಿ, ಅವರದೇ ಎತ್ತು ಹೊಡೆದುಕೊಂಡು ಮನೆಗೆ ಬಂದವನು. ಇವನ್ನೆಲ್ಲ ಹೇಳಿದ್ದು ಅವನೇ. ಹೇಳುವಾಗ ಒಂದಿಷ್ಟು ಉಪ್ಪುಖಾರ ಹಚ್ಚುತ್ತಿದ್ದದ್ದೂ ನಿಜವೇ. ಆದರೆ ಅವನ ಹಿಂದೆ ನಡೆದ ಒಬ್ಬ ಮನುಷ್ಯನಾಗಲಿ ಒಂದು ಎತ್ತಾಗಲಿ ನೀರಿಲ್ಲದೆ ಸತ್ತದ್ದಿಲ್ಲ. ಆ ಮಾತಿಗೆ ಯಾವ ಖಾರವೂ ಬೇಕಾಗಿರಲಿಲ್ಲ.

ಅವನ ಮಗ ಕೆಂಚಪ್ಪನ ಹೆಂಡತಿ ಹಾಲವ್ವ. ಅವಳು ಸೊಸೆಯಾಗಿ ಬಂದಾಗ ಮನೆಯಲ್ಲಿ ಅತ್ತೆ ಇರಲಿಲ್ಲ. ಎತ್ತಿನ ಕೊಂಬು ಕಂಡರೆ ಗಡಗಡ ನಡುಗುತ್ತಿದ್ದ ಹುಡುಗಿಗೆ ಹೇರಿನ ಹಗ್ಗ ಬಿಗಿಯುವುದನ್ನೂ, ಗಾಳಿ ಮೂಸಿ ಮಳೆ ಹೇಳುವುದನ್ನೂ ಮಾವನೇ ಕಲಿಸಿದ. ಮಕ್ಕಳಾಗಲಿಲ್ಲವೆಂದು ನೆಂಟರು ಕೆಂಚಪ್ಪನಿಗೆ ಎರಡನೆಯ ಮದುವೆಯ ಮಾತು ತಂದಾಗ, "ಈ ಮಾತು ಇನ್ನೊಮ್ಮೆ ನನ್ನ ಬೀಡಿನಾಗ ಕೇಳಿಸಿದ್ರೆ ಬೆತ್ತ ಮಾತಾಡ್ತೈತಿ" ಎಂದು ಬಾಯಿ ಮುಚ್ಚಿಸಿದವನೂ ಅವನೇ. ಹೆತ್ತ ತಂದೆಯ ಮುಖ ಕಾಣದ ಹಾಲವ್ವನಿಗೆ ಮಾವನೆಂದರೆ ಜೀವ. ಆದ್ದರಿಂದಲೇ ಅವನು ಮಂಕಾಗುತ್ತಿದ್ದದ್ದು ಮೊದಲು ಕಂಡದ್ದು ಅವಳಿಗೆ. ಉಂಡು ಕೈ ತೊಳೆದು ಬಂದವನು, "ಯವ್ವಾ, ಇವತ್ತು ಉಣ್ಣಾಕ ನೀಡಂಗಿಲ್ಲೇನು?" ಎಂದು ಕೇಳುತ್ತಿದ್ದ. ಮಗನನ್ನು ತನ್ನ ಸತ್ತ ತಮ್ಮನ ಹೆಸರು ಹಿಡಿದು ಕೂಗುತ್ತಿದ್ದ. ಹಾಲವ್ವ ಒಂದನ್ನೂ ಹೊರಗೆಡಹಲಿಲ್ಲ. ಸುಮ್ಮನೆ ಎರಡನೆಯ ಸಲ ಬಡಿಸಿದಳು, ಯಾರಾದರೂ ಕೇಳಿದರೆ ಮಾವನಿಗೆ ತಮಾಷೆ ಹೆಚ್ಚಾಗಿದೆ ಎಂದು ನಕ್ಕಳು. ಮೊನ್ನೆಯದು ನಿನ್ನೆಯದು ಮರೆತವನಿಗೆ ಹುಡುಗತನದ ಸಂಗತಿಗಳು ಮಾತ್ರ ಕಣ್ಣಿಗೆ ಕಟ್ಟಿದಂತಿದ್ದವು. ಯಾವ ಊರಿನ ಯಾವ ಬಾವಿಯ ಎಷ್ಟನೆಯ ಮೆಟ್ಟಿಲು ಮುರಿದಿತ್ತು ಎಂಬುದನ್ನೂ ಹೇಳುತ್ತಿದ್ದ.

ಹೇರಿನವರ ಕಟ್ಟಳೆ ಬಲು ಬಿಗಿ. ಮುಂದೆ ನಡೆಯುವ ಯಜಮಾನನ ಕೈಯಲ್ಲಿ ಒಂದು ಬೆತ್ತ ಇರುತ್ತದೆ. ಹೇರು ಎತ್ತಿನ ಬೆನ್ನ ಮೇಲಿರುವ ತನಕ ಬೆತ್ತ ಹಿಡಿದವನ ಮಾತೇ ಮಾತು. ಅವನು ತೋರಿದ ದಾರಿಗೆ ಎದುರು ನುಡಿಯಬಾರದು. ಬಯಲಿನಲ್ಲಿ ಅಡಗಿದ ನೀರಿನ ನೆಲೆಗಳನ್ನು ಯಜಮಾನ ಕಟ್ಟಿಕೊಂಡ ಹೆಂಡತಿಗೂ ಹೇಳುವುದಿಲ್ಲ. ಬೆತ್ತ ಒಪ್ಪಿಸುವ ದಿನ ಮಾತ್ರ ಬಾಯಿ ಬಿಡುತ್ತಾನೆ. ನೀರಿಲ್ಲದ ಕಡೆ ಹೇರು ಇಳಿಸುವಂತಿಲ್ಲ, ಏಕೆಂದರೆ ಬಾಯಾರಿದ ಎತ್ತು ಒಮ್ಮೆ ಹಗುರಾಗಿ ಕೂತಿತೆಂದರೆ ನೀರು ಕಾಣದೆ ಮತ್ತೆ ಏಳದು. ಇದಕ್ಕಿದ್ದ ವಿನಾಯಿತಿ ಒಂದೇ. ಯಜಮಾನ ದಾರಿಯಲ್ಲಿ ಸತ್ತರೆ, ಹಿರಿಯ ಸೊಸೆ ಮುಂದಿನ ಎತ್ತಿನ ಹೇರಿನ ಹಗ್ಗ ಕೊಯ್ಯುತ್ತಾಳೆ. ಆಗ ಎಲ್ಲರೂ ಹೇರಿಳಿಸಿ ಸುತ್ತ ಕೂತು, ಸತ್ತವನ ಬದುಕನ್ನು ಮೊದಲಿನಿಂದ ಕೊನೆಯ ತನಕ ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಹೇಳಿಕೆ ಎನ್ನುತ್ತಿದ್ದರು. ಹೇಳಿಕೆಯಲ್ಲಿ ಸುಳ್ಳು ಸೇರಿದರೆ ಹೋಗುವವನ ಕಾಲಿಗೆ ಮುಳ್ಳು ನೆಡುತ್ತದೆಂಬ ನಂಬಿಕೆ. ಆದ್ದರಿಂದ ನಿಜ ಬಲ್ಲವರು ಅಲ್ಲೇ ತಿದ್ದಲೇಬೇಕು. ಹೇಳಿಕೆ ಒಬ್ಬ ಮನುಷ್ಯನಿಗೆ ಒಂದೇ ಸಲ. ಅದು ಮುಗಿಯಿತೆಂದರೆ ಅವನು ಆ ನೆಲಕ್ಕೆ ಸೇರಿದವನು, ಹೇರಿಗೆ ಸೇರಿದವನಲ್ಲ.

ಮಳೆ ಕೈಕೊಟ್ಟ ಒಂದು ವರ್ಷ ಗೂಳಜ್ಜನ ಹೇರು ಈ ಬಯಲಿಗೆ ಬಂತು. ವಾಡಿಕೆಯ ಕೆರೆ ಒಡೆದ ಗಡಿಗೆಯಂತೆ ಬಾಯಿ ಬಿಟ್ಟುಕೊಂಡು ಬಿದ್ದಿತ್ತು. ಗೂಳಜ್ಜ ಅರೆಗಳಿಗೆ ನಿಂತು ನೋಡಿ, ಬೆತ್ತ ಎತ್ತಿ ಬಡಗಣ ದಿಕ್ಕು ತೋರಿಸಿದ. ಎಲ್ಲರೂ ನಡೆದರು. ಅಜ್ಜನ ಹಿಂದೆ ಹೋದರೆ ನೀರಿಗೇನು ಕೊರತೆ ಎಂದು ಕೆಲವರು ತಮಾಷೆ ಕೂಡ ಮಾಡಿದರು. ಆ ದಿನ ಕಳೆಯಿತು, ಮರುದಿನವೂ ಹಾಗೇ ಕಳೆಯಿತು. ತೊಗಲ ಚೀಲಗಳು ಹಿಂಡಿದರೂ ಹನಿಯದ ಸ್ಥಿತಿಗೆ ಬಂದವು. ಗೂಳಜ್ಜನ ತಮ್ಮನ ಮಗ ಓಬಯ್ಯನಿಗೆ ಒಂದು ಹಸುಗೂಸಿತ್ತು; ತಾಯಿಯ ಎದೆಯಲ್ಲಿ ಹಾಲು ನಿಂತು ಅದು ಅಳುವುದನ್ನೂ ಬಿಟ್ಟಿತು. ಹಾಲವ್ವ ಮಾವನ ಜೊತೆಗೆ ಹೆಜ್ಜೆ ಹಾಕುತ್ತ ಮೆಲ್ಲಗೆ, "ನೀರು ಎಲ್ಲೈತಿ ಮಾವ?" ಎಂದು ಕೇಳಿದಳು. "ಮುಂದೈತಿ" ಎಂದ. ಬಿಸಿಲು ಏರಿದ ಮೇಲೆ ಮತ್ತೆ ಕೇಳಿದಳು. ಅದೇ ಧೈರ್ಯದಿಂದ, ಮೊದಲ ಸಲ ಕೇಳಿದವಳಿಗೆ ಹೇಳುವಂತೆ, "ಮುಂದೈತಿ ನಡಿಯವ್ವ" ಎಂದ. ಸ್ವಲ್ಪ ಹೊತ್ತಿಗೆ ದಾರಿಯಲ್ಲಿ ಸೆಗಣಿ ಕಂಡಿತು. ಇಂಥ ಕಾಡುಬಯಲಿನಲ್ಲಿ ಯಾರ ದನ ಎಂದು ಬಗ್ಗಿ ನೋಡಿದರೆ, ಪಕ್ಕದಲ್ಲೇ ತಾನು ಮುಂಜಾನೆ ಬಿಸಾಡಿದ, ತಲೆಹೊರೆಯ ಹರಿದ ಸಿಂಬಿ ಬಿದ್ದಿತ್ತು. ಅವರು ಸುತ್ತಿದಲ್ಲೇ ಸುತ್ತುತ್ತಿದ್ದರು. ಹಿಂದಿನವರೂ ಅದನ್ನು ಕಂಡರು. ಕಂಡವರು ಒಬ್ಬರ ಮುಖ ಒಬ್ಬರು ನೋಡಿ, ಬೆತ್ತ ತೋರಿದ ಕಡೆಗೇ ನಡೆದರು.

ಹಾಲವ್ವ ಗಂಡನನ್ನು ಹಿಂದಕ್ಕೆ ಕರೆದು, ಮುಚ್ಚಿಟ್ಟಿದ್ದನ್ನೆಲ್ಲ ಹೇಳಿಬಿಟ್ಟಳು. ಕೆಂಚಪ್ಪ ಕೆಟ್ಟವನಲ್ಲ, ಆದರೆ ತಂದೆಯ ವಿಷಯದಲ್ಲಿ ಅವನ ಕಣ್ಣಿಗೆ ಪೊರೆ ಬಂದಿತ್ತು. "ಅಪ್ಪ ಐತಿ ಅಂದ್ರ ಐತಿ. ನೀ ಸುಮ್ಮನ ನಡಿ" ಎಂದು ಮುಂದೆ ಹೋದ. ಅವಳಿಗೆ ದುಃಖ ಉಕ್ಕಿ ಬಂತು. ಹೀಗೇ ನಡೆದರೆ ಕೂಸು ಸಂಜೆ ಕಾಣುವುದಿಲ್ಲ, ಅದರ ಹಿಂದೆ ಎತ್ತುಗಳು, ಎತ್ತಿನ ಹಿಂದೆ ಮಂದಿ. ಯಾರನ್ನೂ ಸಾಯಗೊಡದ ಮಾವನ ಹೆಸರಿಗೆ ಇಷ್ಟೂ ಹೆಣಗಳು ಅಂಟಿಕೊಳ್ಳುತ್ತವೆ. ಆಗ ಅವಳಿಗೆ ಮಾವನದೇ ಒಂದು ಕತೆ ನೆನಪಾಯಿತು. ಹರೆಯದಲ್ಲಿ ಕಳ್ಳರು ಬೆನ್ನಟ್ಟಿದಾಗ, ಇದೇ ಬಯಲಿನ ಯಾವುದೋ ಬಂಡೆಯ ಮೇಲಿನ ಇಬ್ಬನಿ ನೆಕ್ಕಿ, ದಿನಗಟ್ಟಲೆ ಅಡಗಿ ಕೂತಿದ್ದೆ ಎಂದು ಅವನು ಹೇಳುತ್ತಿದ್ದ. ಕೇಳಿದವರೆಲ್ಲ ಬಾಯಿ ಮೇಲೆ ಬೆರಳಿಡುತ್ತಿದ್ದರು. ಕೊಡ ಹೊತ್ತು ಬೆಳೆದ ಹಾಲವ್ವನಿಗೆ ಮಾತ್ರ ಅದು ಎಂದೂ ಗಂಟಲಲ್ಲಿ ಇಳಿದಿರಲಿಲ್ಲ. ಇಬ್ಬನಿಯಲ್ಲಿ ತುಟಿ ಒದ್ದೆಯಾದೀತು, ಗಂಡಸೊಬ್ಬನ ದಾಹ ತೀರೀತೇ? ಅಲ್ಲಿ ನೀರಿತ್ತು. ಯಜಮಾನನಾದವನು ನೀರಿನ ಗುಟ್ಟು ಮುಚ್ಚಲು ಇಬ್ಬನಿಯ ಕತೆ ಕಟ್ಟಿದ್ದಾನೆ. ಬೆತ್ತ ಕೈಯಲ್ಲಿರುವ ತನಕ ಅವನು ಅದನ್ನು ಬಿಡಿಸಿ ಹೇಳುವವನಲ್ಲ. ಆದರೆ ಯಾರ ಹೇಳಿಕೆಯಲ್ಲೇ ಆಗಲಿ ಸುಳ್ಳು ಬಂದರೆ, ಜನ್ಮದಲ್ಲಿ ಒಮ್ಮೆಯೂ ತಿದ್ದದೆ ಬಿಟ್ಟವನೂ ಅಲ್ಲ.

ಅವಳು ಸೊಂಟದ ಕುಡುಗೋಲು ತೆಗೆದು ಮುಂದಿನ ಎತ್ತಿನ ಹತ್ತಿರ ಹೋದಳು. ಹಗ್ಗ ಒಂದೇಟಿಗೆ ಹರಿಯಲಿಲ್ಲ, ಮತ್ತೊಂದೇಟು ಹಾಕಿದಳು. ಎರಡು ಗೋಣಿಯೂ ಧೊಪ್ಪನೆ ನೆಲಕ್ಕೆ ಬಿದ್ದು ಒಂದು ಬಿರಿಯಿತು, ಉಪ್ಪು ಮಣ್ಣಲ್ಲಿ ಚೆಲ್ಲಿತು. ಹಿಂದೆ ಬರುತ್ತಿದ್ದ ಹೆಂಗಸರು ನೋಡಿದವರೇ "ಅಯ್ಯೋ ಶಿವನೇ!" ಎಂದು ಬಾಯಿ ಬಡಿದುಕೊಂಡರು. ಆ ಹಗ್ಗ ಹರಿಯಿತೆಂದರೆ ಏನರ್ಥವೆಂದು ಎದೆಹಾಲಿನ ಕೂಸನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು. ಕೆಂಚಪ್ಪ ಓಡಿ ಬಂದು ಹೆಂಡತಿಯ ಮೇಲೆ ಕೈ ಎತ್ತಿದ. "ನಮ್ಮಪ್ಪ ಕಣ್ಣೆದುರಿಗೆ ನಿಂತಾನಲ್ಲೇ, ಪಾಪಿ!" ಹಾಲವ್ವ ಹಿಂದೆ ಸರಿಯಲಿಲ್ಲ. "ಹೊಡೀರಿ, ಆಮೇಲೆ ಹೊಡೀರಿ. ಈಗ ಹೇರಿಳಿಸ್ರಿ" ಎಂದಳು. ಹಗ್ಗ ಹರಿದ ಮೇಲೆ ಹೇರು ಹೊತ್ತು ನಿಲ್ಲುವಂತಿಲ್ಲ, ಕಟ್ಟಳೆ ಕಟ್ಟಳೆಯೇ. ಒಬ್ಬೊಬ್ಬರಾಗಿ ಹೇರಿಳಿಸಿದರು, ಎತ್ತುಗಳು ನಿಂತಲ್ಲೇ ಕುಸಿದು ಕೂತವು. ಇನ್ನು ನೀರು ಸಿಕ್ಕರೆ ಉಂಟು, ಇಲ್ಲದಿದ್ದರೆ ಅದೇ ಎಲ್ಲರ ಮಸಣ. ಗೂಳಜ್ಜ ಈ ಗದ್ದಲವನ್ನೆಲ್ಲ ಕಣ್ಣರಳಿಸಿ ನೋಡುತ್ತಿದ್ದವನು, ಸೊಸೆಯ ಹತ್ತಿರ ಬಂದು ದನಿ ತಗ್ಗಿಸಿ, "ಯಾರು ಹೋದ್ರವ್ವಾ?" ಎಂದು ಕೇಳಿದ.

ಹಾಲವ್ವ ತನ್ನ ಜನ್ಮದಲ್ಲಿ ಅಷ್ಟು ಕಷ್ಟದ ಮಾತನ್ನು ಇನ್ನೊಂದು ಸಲ ಆಡಲಿಲ್ಲವಂತೆ. "ಹೇರಿನ ಯಜಮಾನರು, ಮಾವ" ಎಂದಳು.

"ಛೇ, ಛೇ. ಒಳ್ಳೇ ಮನುಷ್ಯನಿದ್ದನೇನು?"

"ನನ್ನ ಪಾಲಿಗೆ ತಂದೆ ಇದ್ದಂಗಿದ್ರು."

"ಹಂಗಾದ್ರ ಕೂಡ್ರಿ. ಸರಿಯಾಗಿ ಹೇಳಿ ಕಳಸಬೇಕು" ಎಂದು ಮುದುಕ ಬೆತ್ತವನ್ನು ನೆಲಕ್ಕಿಟ್ಟು ಚಕ್ಕಳಬಕ್ಕಳ ಹಾಕಿ ಕೂತ.

ಹೀಗೆ ಬದುಕಿದ್ದ ಮನುಷ್ಯನ ಎದುರಿಗೇ ಅವನ ಹೇಳಿಕೆ ನಡೆಯಿತು. ಗಂಟಲು ಒಣಗಿದವರು, ಆಡಲು ಉಗುಳೂ ಇಲ್ಲದವರು, ಒಬ್ಬರಾದ ಮೇಲೊಬ್ಬರು ಅವನ ಬದುಕನ್ನು ಹೇಳಿದರು. ಹೊಳೆಯ ಸುದ್ದಿ ಬಂತು, ಮುತ್ತಿಗೆಯ ಸುದ್ದಿ ಬಂತು. ಒಬ್ಬಳು, ತನ್ನ ಗಂಡ ಕಾಡಿನಲ್ಲಿ ಕಾಲು ಮುರಿದುಕೊಂಡಾಗ ಅಜ್ಜ ಅವನನ್ನು ಹೆಗಲ ಮೇಲೆ ಹೊತ್ತು ಘಟ್ಟ ಹತ್ತಿಸಿದ್ದನ್ನು ಹೇಳುತ್ತ ಗೊಳೋ ಎಂದು ಅತ್ತಳು. ಮುದುಕ ತಲೆದೂಗುತ್ತ ಕೇಳಿದ. ಹುಲಿಯ ಸುದ್ದಿ ಬಂದಾಗ ಅವನು ತಲೆದೂಗುವುದು ನಿಂತಿತು. ಎದುರಿನ ಒಂದೊಂದೇ ಮುಖವನ್ನು ದಿಟ್ಟಿಸುತ್ತ ಬಂದು ಕೊನೆಗೆ ಹಾಲವ್ವನ ಮುಖದಲ್ಲಿ ಕಣ್ಣು ನೆಟ್ಟ. ಅವಳು ನೆಲ ನೋಡಿದಳು, ನೆಲ ನೋಡುತ್ತಲೇ ಓಬಯ್ಯನಿಗೆ, "ಇಬ್ಬನಿ ಸುದ್ದಿ ಹೇಳಪ್ಪಾ" ಎಂದಳು. ಓಬಯ್ಯನಿಗೆ ಮೊದಲೇ ದೊಡ್ಡಪ್ಪನ ಕತೆಗಳೆಂದರೆ ಪ್ರಾಣ. ಮಡಿಲಲ್ಲಿ ಕೂಸು ಏದುಸಿರು ಬಿಡುತ್ತಿದ್ದರೂ, ಬಂಡೆಯ ಮೇಲೆ ಇಬ್ಬನಿ ನೆಕ್ಕಿ ಬದುಕಿದ ಧೀರ ಎಂದೆಲ್ಲ ಬಣ್ಣ ಕಟ್ಟಿ ಹೇಳಿದ. ಮುದುಕ ನೆಲದ ಮೇಲಿದ್ದ ಬೆತ್ತವನ್ನೊಮ್ಮೆ ಸವರಿದ.

"ಸುಳ್ಳು" ಎಂದ ಗೂಳಜ್ಜ. "ಇಬ್ಬನಿ ಕುಡಿದು ಯಾವನು ಬದುಕ್ಯಾನ? ಅಲ್ಲಿ ದೊಣಿ ಐತಿ. ತುದಿಗೆ ಎರಡು ಗುಂಡು ನಿಂತಾವಲ್ಲ, ಅದರ ಬೆನ್ನಿಗೆ ತೆವಳಿ ಒಳಗ ಹೋಗಬೇಕು. ಪಾರಿವಾಳ ಏಳ್ತಾವು, ಹೆದರಬ್ಯಾಡ್ರಿ."

ಅವರೆಲ್ಲ ತಲೆ ಎತ್ತಿದರು. ಜೋಡುಗುಂಡಿನ ಗುಡ್ಡ ಅಲ್ಲೇ, ಕೂಗಿದರೆ ಕೇಳಿಸುವಷ್ಟು ಹತ್ತಿರ ನಿಂತಿತ್ತು. ಬೆಳಗಿನಿಂದ ಅವರು ಅದನ್ನೇ ಸುತ್ತಿದ್ದರು. ಬುದ್ಧಿ ಮರೆತದ್ದನ್ನು ಮುದುಕನ ಕಾಲು ಮರೆತಿರಲಿಲ್ಲ ಎನ್ನುತ್ತಾರೆ. ಕೆಂಚಪ್ಪನೂ ಓಬಯ್ಯನೂ ಬಂಡೆ ಹತ್ತಿ ಕಿಂಡಿಯೊಳಗೆ ನುಸುಳಿದರು. ಪಾರಿವಾಳಗಳು ಭರ್ರನೆ ಹೊರಗೆ ಹಾರಿದವು. ತೊಗಲ ಚೀಲಗಳು ತುಂಬಿ ತುಂಬಿ ಕೆಳಗಿಳಿದವು. ಕೂಸಿನ ತುಟಿಗೆ ಮೊದಲು, ಆಮೇಲೆ ಎತ್ತುಗಳಿಗೆ, ಆಮೇಲೆ ಉಳಿದವರಿಗೆ. ಹೊತ್ತು ಮುಳುಗುವಷ್ಟರಲ್ಲಿ ಕೂಸು ಕಿಟಾರನೆ ಅತ್ತಿತು, ಹೆಂಗಸರು ಆ ಅಳು ಕೇಳಿ ನಕ್ಕರು. ಎತ್ತುಗಳೂ ಎದ್ದವು. ಹಾಲವ್ವ ಎಲ್ಲರೂ ಕುಡಿದ ಮೇಲೆ ಕುಡಿದಳು.

ಮರುದಿನ ಬೆಳಗ್ಗೆ ಎತ್ತುಗಳ ಮೇಲೆ ಹೇರು ಏರಿತು. ಒಡೆದ ಗೋಣಿಯ ಉಪ್ಪನ್ನು ಮಾತ್ರ ಅಲ್ಲೇ ಬಿಟ್ಟರು. ಹಾಲವ್ವ ಬೆತ್ತವನ್ನು ಸೆರಗಿನಿಂದ ಒರೆಸಿ ಎರಡೂ ಕೈಯಲ್ಲಿ ಹಿಡಿದು ಮಾವನ ಮುಂದೆ ನಿಂತಳು. ಅವನು ಅದನ್ನು ಮುಟ್ಟಲಿಲ್ಲ. "ನನ್ನ ಹೇಳಿಕಿ ಆಗಿ ಹೋತಲ್ಲವ್ವ" ಎಂದ. ಹಾಲವ್ವನ ಕೈಯಿಂದ ಬೆತ್ತ ಜಾರಿತು. ಕಾಲಿಗೆ ಬಿದ್ದವಳನ್ನು ಎಬ್ಬಿಸಿ ಅವನು ಹೇಳಿದ್ದಿಷ್ಟು: "ಮೊದಲು ತಿಳೀಲಿಲ್ಲ ನನಗ. ಹುಲಿ ಸುದ್ದಿ ಬಂದಾಗ ತಿಳೀತು, ಇದು ನಂದೇ ಅಂತ. ನೀರಿನ ನೆಲಿ ಮಂಕು ಕವಿದು ಬಾಯಿ ಬಿಟ್ಟೆ ಅಂದ್ಕೊಂಡೇನು? ಬೆತ್ತ ಒಪ್ಪಿಸೋ ಯಜಮಾನ ಹೇಳಬೇಕಾದ್ದನ್ನ ಹೇಳಿದೆ. ನೀ ಮಾಡಿದ್ದು ಸರಿ ಐತಿ. ಮಾಡಿದ್ದನ್ನ ಅರ್ಧಕ್ಕ ಬಿಡಬ್ಯಾಡ." ಕೆಂಚಪ್ಪ ಅತ್ತ, ಬೇಡಿಕೊಂಡ, ಕಟ್ಟಳೆ ಸುಟ್ಟು ಹೋಗಲಿ ಎಂದ. ಮುದುಕ ಜಗ್ಗಲಿಲ್ಲ. ಬದುಕಿಡೀ ಬೇರೆಯವರಿಂದ ನಡೆಸಿದ ಕಟ್ಟಳೆ ತನ್ನ ಪಾಲಿಗೆ ಬಂದಾಗ ಸಡಿಲವಾಗಬಾರದು ಎಂದ. ಮಗನ ಕೈಗೆ ತಾನೇ ಬೆತ್ತ ಕೊಟ್ಟು, ಗುಡ್ಡದ ಬುಡದ ಚಪ್ಪಟೆ ಬಂಡೆಯ ಮೇಲೆ ಹೋಗಿ ಕೂತ. ಕೆಂಚಪ್ಪ ಹೊರಡುವ ಮೊದಲು ಹೆಂಡತಿಯ ಕಡೆ ತಿರುಗಿದ. "ಬದುಕಿದ್ದ ನನ್ನಪ್ಪನ್ನ ಹೆಣ ಮಾಡಿದಿ. ಆ ಹೆಣ ನೀನೇ ಕಾಯಿ." ಅವನು ಹಾಗೆ ಹೇಳದಿದ್ದರೂ ಅವಳು ಹೋಗುತ್ತಿರಲಿಲ್ಲ, ಅವಳ ಗಂಟು ಆಗಲೇ ಮಾವನ ಪಕ್ಕದಲ್ಲಿತ್ತು.

ಗೂಳಜ್ಜ ಆ ಬಂಡೆಯ ಬಳಿ ಬಹಳ ವರ್ಷ ಬದುಕಿದ. ಹಾಲವ್ವ ಅಲ್ಲೇ ಗುಡಿಸಲು ಕಟ್ಟಿ, ದೊಣೆಯ ನೀರು ಹೊತ್ತು ನಾಲ್ಕು ಸಾಲು ಸಜ್ಜೆ ಬೆಳೆದು ಅವನನ್ನು ಸಾಕಿದಳು. ತಿಳಿಯಾದ ದಿನಗಳಲ್ಲಿ ಅವನು ಸೊಸೆಯ ಜೊತೆ ನಗುತ್ತಿದ್ದ. ಮಂಕು ಕವಿದ ದಿನಗಳಲ್ಲಿ ಎದ್ದು ನಿಂತು, "ಎಲ್ಲಾರೂ ಎಲ್ಲಿ ಹೋದ್ರು? ನನ್ನ ಯಾಕ ಬಿಟ್ಟು ಹೋದ್ರು?" ಎಂದು ಬಯಲಿನ ಕಡೆ ನಡೆಯತೊಡಗುತ್ತಿದ್ದ. ಆಗ ಅವಳು ಹಿಂದೆಯೇ ಓಡುತ್ತಿದ್ದಳು. ಕೈಹಿಡಿದು ಕರೆತಂದು ಕೂರಿಸುತ್ತಿದ್ದಳು. ಮೂವತ್ತು ಜೀವ ಉಳಿಸಿದ ಹೆಂಗಸು ಎಂದು ಸುತ್ತಲವರು ಅವಳಿಗೆ ಕೈ ಮುಗಿಯುತ್ತಿದ್ದರು. ಅವಳು ಮಾತ್ರ ಆ ಪ್ರಶ್ನೆಗೆ ದಿನವೂ ಸಾಯುತ್ತಿದ್ದಳು. ಕೊನೆಗೆ ಅವನು ನಿಜವಾಗಿ ತೀರಿಕೊಂಡಾಗ ಹೇಳಿಕೆ ಮಾಡುವಂತಿರಲಿಲ್ಲ, ಅದು ಆಗಿಹೋಗಿತ್ತು. ಅಷ್ಟು ದೊಡ್ಡ ಬದುಕು ಬದುಕಿದವನನ್ನು ಅವಳು ಒಂದು ಮಾತೂ ಆಡದೆ ಮಣ್ಣಿಗೆ ಇಟ್ಟಳು. ಕೆಂಚಪ್ಪ ಸುದ್ದಿ ಕೇಳಿ ಬಂದು ಮಣ್ಣಿನ ಮೇಲೆ ಹೊರಳಾಡಿ ಅತ್ತು, ಹೆಂಡತಿಯನ್ನು ಕರೆದ. ಅವಳು ಹೋಗಲಿಲ್ಲ.

ಈ ಕತೆ ಬಯಲೆಲ್ಲ ಹಬ್ಬಿದ ಮೇಲೆ, ಒಂದು ಮನೆಯವರು ತಮ್ಮ ಮುಪ್ಪಿನ ತಂದೆಯನ್ನು ಅಲ್ಲಿಗೆ ಕರೆತಂದರಂತೆ. ಸತ್ತ ಮೇಲೆ ಹೇಳಿ ಏನು ಪ್ರಯೋಜನ, ಅವರ ಕಿವಿಗೆ ಬೀಳುವಾಗಲೇ ಹೇಳುತ್ತೇವೆ ಎಂದರಂತೆ. ಹಾಲವ್ವ ಬಂಡೆ ಗುಡಿಸಿ ಕೊಟ್ಟಳು, ದೊಣೆಯ ನೀರು ತಂದಿಟ್ಟಳು. ಅವರು ಹೇಳಿ ಮುಗಿಸಿ ಏಳುವಾಗ, ದಾರಿಗೆ ಅಡ್ಡ ನಿಂತು ಒಂದೇ ಮಾತು ಕೇಳಿಕೊಂಡಳು. "ಇವರನ್ನ ಇಲ್ಲಿ ಬಿಡಬ್ಯಾಡ್ರಿ, ಮುಂದ ಬಿಟ್ಕೊಂಡು ಹೋಗ್ರಿ. ನೀವು ಹಿಂದ ನಡೀರಿ."

ಇಂದಿಗೂ ಅಲ್ಲಿಗೆ ಹೋದವರಿಗೆ ಇದು ಕಾಣುತ್ತದೆ. ಸುಗ್ಗಿ ಮುಗಿದ ಮೇಲೆ ಬೇವಿನ ಮರದಾಚೆಯ ಚಪ್ಪಟೆ ಬಂಡೆಯ ಮೇಲೆ ಒಂದಲ್ಲ ಒಂದು ಮನೆಯವರು ಇರುತ್ತಾರೆ. ನಡುವೆ ಒಬ್ಬ ಅಜ್ಜನೋ ಅಜ್ಜಿಯೋ, ಸುತ್ತ ಮಕ್ಕಳು ಮೊಮ್ಮಕ್ಕಳು. ಹಿರಿಯರ ಬದುಕನ್ನು ಅವರೆದುರಿಗೇ ಹೇಳುತ್ತಾರೆ, ತಪ್ಪಿದರೆ ಅವರೇ ಗದರಿಸಿ ತಿದ್ದುತ್ತಾರೆ. ಬರಲು ಹೆದರುವ ಮುದುಕರೂ ಇದ್ದಾರೆ. ಅವರನ್ನು ಯಾರೂ ಬಲವಂತ ಮಾಡುವುದಿಲ್ಲ. ಮಾತೆಲ್ಲ ಮುಗಿದ ಮೇಲೆ ಹಿರಿಯರನ್ನು ಎಬ್ಬಿಸಿ ಮುಂದೆ ಬಿಟ್ಟುಕೊಂಡು ಊರಿನ ದಾರಿ ಹಿಡಿಯುತ್ತಾರೆ. ಬಸ್ಸು ತಪ್ಪಿದರೂ ಸರಿಯೇ, ಹಿರಿಯರು ದಾರಿಯ ನಡುವೆ ನಿಂತು ಯಾವ ಕಡೆಗೆ ಹೋಗಬೇಕೆಂದು ಮರೆತರೂ ಸರಿಯೇ, ಹಿಂದಿನವರು ಒಬ್ಬರೂ ಅವರನ್ನು ದಾಟಿ ಮುಂದೆ ಹೋಗುವುದಿಲ್ಲ.